ನೂರಿತ್ ನಮ್ಮಲ್ಲಿದ್ದ ಮಳೆಗಾಲ

ಮೊದಲು ಒಂದು ಸಣ್ಣ ಗುರುಗುಟ್ಟುವಿಕೆ, ಆಮೇಲೆ ಊಳು. ಕೆಳಗಿನಿಂದ ಏರಿ, ಮೇಲೆ ಸ್ವಲ್ಪ ಹೊತ್ತು ನಿಂತು, ಇಳಿದು, ಮತ್ತೆ ಏರುವ ಊಳು. ಅದು ನನ್ನ ತಂಗಿ ಜೆಸ್ಸಿಯ ದಿಂಬಿನ ಅಡಿಯಿಂದ ಬರುತ್ತಿತ್ತು. ಮೊದಲ ಸಲ ಕೇಳಿದಾಗ ನಾನು ಅಡುಗೆಮನೆಯಲ್ಲಿ ಹಲಸಿನ ಬೀಜ ಜಜ್ಜುತ್ತಿದ್ದೆ. ಕಲ್ಲನ್ನು ಅಲ್ಲೇ ಬಿಟ್ಟು ಓಡಿದೆ. ಪಕ್ಕದ ಮನೆಯ ಸುಮತಿ ಪಾಗಾರದ ಆಚೆಯಿಂದ ಕೂಗಿದಳು.

“ಬಾಯಮ್ಮ, ಎಂತ ಅದು? ಆಂಬುಲೆನ್ಸ್ ಬಂತಾ?”

“ಇಲ್ಲ ಸುಮತಿ, ಜೆಸ್ಸಿಯ ಮೊಬೈಲು.”

“ಮೊಬೈಲಾ! ನನ್ನ ಎದೆ ಒಡೆದು ಹೋಯ್ತು. ಬೇರೆ ರಿಂಗ್‌ಟೋನ್ ಸಿಗ್ಲಿಲ್ವಾ ಮಾರಾಯ್ತಿ ಅವಳಿಗೆ?”

ಅದು ರಿಂಗ್‌ಟೋನ್ ಅಲ್ಲ. ಜೆಸ್ಸಿ ಇಸ್ರೇಲಿನಲ್ಲಿ ಹೋಮ್ ನರ್ಸ್ ಆಗಿದ್ದವಳು. ನಮ್ಮ ಸಿದ್ಧಕಟ್ಟೆ, ಮೂಡಬಿದಿರೆ, ಬೆಳ್ತಂಗಡಿ ಕಡೆಯಿಂದ ಹಾಗೆ ಹೋದವರು ಬೇಕಾದಷ್ಟು ಜನ ಇದ್ದಾರೆ. ಅಲ್ಲಿ ರಾಕೆಟ್ ಬೀಳುವ ಮೊದಲು ಎಚ್ಚರಿಸಲು ಮೊಬೈಲಿನಲ್ಲಿ ಒಂದು ಆ್ಯಪ್ ಇರುತ್ತದೆ. ಯಾವ ಊರಿನದು ಬೇಕೋ ಆ ಊರನ್ನು ಆರಿಸಿಟ್ಟುಕೊಳ್ಳಬೇಕು. ಜೆಸ್ಸಿ ಕೆಲಸ ಬಿಟ್ಟು ಬಂದ ಮೇಲೂ ಅದನ್ನು ತೆಗೆದಿರಲಿಲ್ಲ. ತಾನು ದುಡಿದ ಊರಿನಲ್ಲಿ ಸೈರನ್ ಕೂಗಿದರೆ ಸಿದ್ಧಕಟ್ಟೆಯ ಅವಳ ಮಂಚದಲ್ಲೂ ಅದು ಕೂಗುತ್ತಿತ್ತು. ಕೂಗಿದಾಗಲೆಲ್ಲ ಅವಳು ಕಣ್ಣು ಮುಚ್ಚಿ ತುಟಿ ಅಲ್ಲಾಡಿಸುತ್ತಿದ್ದಳು. ಪ್ರಾರ್ಥನೆ ಎಂದುಕೊಂಡಿದ್ದೆ. ಕೇಳಿದರೆ, ಅಕ್ಕನನ್ನು ನಮ್ಮ ಕೊಂಕಣಿಯಲ್ಲಿ ಕರೆಯುವಂತೆ, “ಅಲ್ಲ ಬಾಯಿ, ಶೆಲ್ಟರಿಗೆ ಇಳಿಯಲಿಕ್ಕೆ ಎಷ್ಟು ಹೊತ್ತು ಸಿಗ್ತದೆ ಅಂತ ಲೆಕ್ಕ ಮಾಡುದು. ಅಭ್ಯಾಸ,” ಎಂದಳು.

ಕಳೆದ ವಾರ ಮೂಡಬಿದಿರೆಯ ಒಂದು ಮೆಡಿಕಲ್ ಶಾಪಿನಲ್ಲಿ ನನ್ನ ಬಿ.ಪಿ. ಮಾತ್ರೆಗೆಂದು ನಿಂತಿದ್ದಾಗ ಪಕ್ಕದಲ್ಲಿದ್ದ ಹೆಣ್ಣುಮಗಳೊಬ್ಬಳ ಪರ್ಸಿನೊಳಗಿಂದ ಅದೇ ಊಳು ಎದ್ದಿತು. ರಜೆಯಲ್ಲಿ ಬಂದವಳಿರಬೇಕು. ಮೊಬೈಲು ತೆಗೆದು ನೋಡಿ, ಆಫ್ ಮಾಡಿ, ಕೆಮ್ಮಿನ ಸಿರಪ್ ಕೇಳಿದಳು. ನಾನು ಅಲ್ಲಿದ್ದ ಸ್ಟೂಲಿನ ಮೇಲೆ ಕುಳಿತುಬಿಟ್ಟೆ. ಶಾಪಿನವರು ನೀರು ಕೊಟ್ಟರು. ಅವರಿಗೆ ಏನೆಂದು ಹೇಳುವುದು? ನಾಚಿಕೆಯಿಂದ ತಲೆ ತಿರುಗಿತು ಎಂದರೆ ಯಾವ ಮಾತ್ರೆ ಕೊಡುತ್ತಾರೆ?

ನಾನು ಕಲಿತದ್ದೂ ಕಲಿಸಿದ್ದೂ ಮೂಡಬಿದಿರೆಯಲ್ಲೇ. ನಮ್ಮ ಕಾನ್ವೆಂಟಿನ ಸಿಸ್ಟರುಗಳು ಇಂಗ್ಲಿಷ್ ಗ್ರಾಮರನ್ನೂ ದೇವರ ಭಯವನ್ನೂ ಒಂದೇ ಬೆತ್ತದಲ್ಲಿ ಕಲಿಸಿದವರು. ಗುಡ್ ಫ್ರೈಡೇ ಬಂದರೆ ಯೇಸುವನ್ನು ಶಿಲುಬೆಗೆ ಹಾಕಿಸಿದವರು ಯೆಹೂದ್ಯರು ಎಂದು ನಮಗೆ ಹೇಳಿಕೊಡುತ್ತಿದ್ದರು. ನಾವು ಹುಡುಗಿಯರು ಮಾವಿನ ಮರದ ಕೆಳಗೆ ಆಟವಾಡುವಾಗ ಯಾರಿಗೆ ಸಿಟ್ಟು ಬಂದರೂ ಎದುರಿನವಳನ್ನು ‘ಯೆಹೂದಿ’ ಎಂದು ಬೈಯುತ್ತಿದ್ದೆವು. ಮುಂದೆ ರೋಮಿನಲ್ಲಿ ಚರ್ಚಿನ ದೊಡ್ಡವರು ಸೇರಿ ಆ ಮಾತು ತಪ್ಪು, ಒಂದು ಇಡೀ ಜನಾಂಗದ ಮೇಲೆ ಆ ರಕ್ತ ಹೊರಿಸಬಾರದು ಎಂದು ತೀರ್ಮಾನಿಸಿದರು. ಬೈಗುಳ ನಿಂತಿತು. ಮತ್ತೆ ಎಷ್ಟೋ ವರ್ಷ ಅವರ ಸುದ್ದಿಯೇ ನಮ್ಮಲ್ಲಿ ಇರಲಿಲ್ಲ. ಆಮೇಲೆ, ನನ್ನ ತಲೆ ಬೆಳ್ಳಗಾದ ಮೇಲೆ, ಪ್ರೀತಿ ಬಂತು. ಮೊಬೈಲಿನಲ್ಲಿ ಬಂದ ಪ್ರೀತಿ.

ಅದನ್ನು ತಂದವನು ನಮ್ಮ ಅಣ್ಣ ವಿಕ್ಟರ್. ಬೆಳ್ತಂಗಡಿಯಲ್ಲಿ ಅವನ ಮನೆ. ಅಪ್ಪ ಬೇಗ ತೀರಿಕೊಂಡಾಗ ಓದು ಬಿಟ್ಟು ನಮ್ಮಿಬ್ಬರನ್ನು ಓದಿಸಿದವನು. ಜೆಸ್ಸಿಯನ್ನು ಹೆಗಲ ಮೇಲೆ ಕೂರಿಸಿಕೊಂಡು ಹೊಳೆ ದಾಟಿಸಿದವನು. ಅತ್ತಿಗೆ ಹೋದ ಮೇಲೆ ಒಬ್ಬನೇ ಆದ. ಪ್ರೇಯರ್ ಗ್ರೂಪ್ ಶುರು ಮಾಡಿದ. ಎಲ್ಲಿಯದೋ ಒಬ್ಬ ಬೋಧಕನ ವಿಡಿಯೋ ನೋಡತೊಡಗಿದ. ಯೆಹೂದ್ಯರು ತಮ್ಮ ನಾಡಿಗೆ ಮರಳಿದ್ದೇ ಮೆಸ್ಸೀಯ ಮತ್ತೆ ಬರುವ ಸೂಚನೆ, ಅಲ್ಲಿ ಯುದ್ಧ ಹೆಚ್ಚಿದಷ್ಟೂ ಅವನು ಹತ್ತಿರವಾಗುತ್ತಾನೆ ಎಂದು ಆ ಬೋಧಕ ಹೇಳುತ್ತಿದ್ದ. ನಮ್ಮ ಪ್ಯಾರಿಷಿನ ಫಾದರ್, “ಮಾಸ್ಟ್ರೇ, ಇದು ನಮ್ಮ ಚರ್ಚಿನ ಬೋಧನೆ ಅಲ್ಲ. ಅವನು ಬರುವ ಗಳಿಗೆ ಯಾರಿಗೂ ಗೊತ್ತಿಲ್ಲ,” ಎಂದು ಹೇಳಿ ನೋಡಿದರು. ಅಣ್ಣ ಮಾಸ್ಟ್ರಲ್ಲ, ಆದರೂ ಎಲ್ಲರೂ ಹಾಗೇ ಕರೆಯುತ್ತಿದ್ದರು. ಅವನು ನಕ್ಕು ನನಗೆ ಹೇಳಿದ, “ಫಾದರ್ ಸಣ್ಣ ಪ್ರಾಯದವರು ಫ್ಲೋರಾ. ಅವರಿಗೆ ಇನ್ನೂ ಕಣ್ಣು ತೆರೆದಿಲ್ಲ.”

ಹಿಂದೆ ನಾವು ಅವರನ್ನು ದ್ವೇಷಿಸಿದೆವು, ಈಗ ಪ್ರೀತಿಸಿದೆವು. ಎರಡು ಸಲವೂ ಅವರಲ್ಲಿ ಒಬ್ಬರ ಮುಖವನ್ನೂ ಕಂಡವರಲ್ಲ. ಕಂಡವಳು ಜೆಸ್ಸಿ ಒಬ್ಬಳೇ. ಅವಳು ಮಾತ್ರ ಎರಡನ್ನೂ ಹೇಳುತ್ತಿರಲಿಲ್ಲ. ‘ಅಜ್ಜಿಗೆ ಉಪ್ಪು ಕಡಿಮೆ ಹಾಕಬೇಕು’, ‘ಅಜ್ಜಿಗೆ ಸ್ನಾನ ಅಂದ್ರೆ ಕೋಪ’, ಇಷ್ಟೇ ಅವಳ ಇಸ್ರೇಲು.

ಆ ವರ್ಷ ಬೇಸಿಗೆಯ ಕೊನೆಗೆ ಮಂಗಳೂರಿನ ಡಾಕ್ಟರು ಜೆಸ್ಸಿಯ ಲಿವರಿನ ಸ್ಕ್ಯಾನ್ ನೋಡಿ, ಇನ್ನು ಮನೆಯಲ್ಲೇ ಇರಲಿ, ನೋವಿಲ್ಲದ ಹಾಗೆ ನೋಡಿಕೊಳ್ಳುವ ಎಂದರು. ಅವಳ ದುಡಿಮೆಯಲ್ಲಿ ಎದ್ದ ಮನೆ ಅದು, ಸಿದ್ಧಕಟ್ಟೆಯ ಪೇಟೆಯಿಂದ ತುಸು ಒಳಗೆ, ಟಾರು ರೋಡಿಗೆ ತಾಗಿಕೊಂಡು. ಮುಂದಿನ ಹಾಲಿಗೆ ಹೊಂದಿಕೊಂಡ ಕೋಣೆಯಲ್ಲಿ ಅವಳ ಮಂಚ ಹಾಕಿದೆವು. ಮಳೆ ಹಿಡಿದ ಮೊದಲ ವಾರದಲ್ಲೇ ಅವಳು ನೋಡಿಕೊಂಡಿದ್ದ ಅಜ್ಜಿಯ ಮಗಳು ಬಂದಳು. ನೂರಿತ್. ಅರವತ್ತು ದಾಟಿದವಳು, ಗಿಡ್ಡ ಕೂದಲು, ಗಂಡಸರ ಹಾಗೆ ಉದ್ದ ಹೆಜ್ಜೆ. ಎರಡು ಬ್ಯಾಗು. ಒಂದರ ತುಂಬ ಜೆಸ್ಸಿಗೆಂದು ತಂದ ಮುಲಾಮು, ಮೆತ್ತನೆಯ ಬಟ್ಟೆ, ಅಲ್ಲಿಯ ಖರ್ಜೂರ.

ನನ್ನ ಕಾನ್ವೆಂಟ್ ಇಂಗ್ಲಿಷಿನಲ್ಲಿ, “ಇಷ್ಟು ದೂರ, ಈ ಮಳೆಯಲ್ಲಿ ಯಾಕೆ ತೊಂದರೆ ತೆಗೆದುಕೊಂಡಿರಿ?” ಎಂದೆ. ಅವಳ ಇಂಗ್ಲಿಷ್ ತುಂಡು ತುಂಡು. ಕನ್ನಡದಲ್ಲಿ ಹೇಳುವುದಾದರೆ ಹೀಗೆ:

“ನನ್ನ ಅಮ್ಮ ಸಾಯುವಾಗ ನಾನು ಟ್ರೈನಿನಲ್ಲಿದ್ದೆ. ಜೆಸ್ಸಿ ಅವಳ ಕೈ ಹಿಡಿದುಕೊಂಡಿದ್ದಳು. ಈಗ ಜೆಸ್ಸಿಯ ಕೈಯನ್ನು ನಾನು ಹಿಡಿಯುತ್ತೇನೆ. ಅವಳಿಗೆ ಮಾತು ಕೊಟ್ಟಿದ್ದೇನೆ.”

ಕೊಟ್ಟ ಮಾತಿಗೆ ತಕ್ಕಂತೆಯೇ ನಡೆದಳು. ಜೆಸ್ಸಿಯನ್ನು ಮಗ್ಗುಲು ತಿರುಗಿಸುವುದು, ಬೆನ್ನು ಒರೆಸುವುದು, ಬೆಡ್‌ಪ್ಯಾನ್ ಇಡುವುದು ಎಲ್ಲವನ್ನೂ ತಾನೇ ಮಾಡಿದಳು. ಜೆಸ್ಸಿ ನೂರಿತಳ ಭಾಷೆಯಲ್ಲೇ ಗದರುತ್ತಿದ್ದಳು. ಏನು ಅವಳು ಹೇಳುವುದು ಎಂದು ಕೇಳಿದರೆ ನೂರಿತ್, “ನಾನು ಕೆಟ್ಟ ನರ್ಸಂತೆ, ನನ್ನನ್ನು ಡಿಸ್ಮಿಸ್ ಮಾಡುತ್ತಾಳಂತೆ,” ಎಂದು ನಗುತ್ತಿದ್ದಳು. ಕುಚ್ಚಲಕ್ಕಿ ಗಂಜಿ ಬೇಯಿಸಲು ಕಲಿತಳು. ‘ಗಂಜಿ’ ಎಂಬುದು ಅವಳು ಕಲಿತ ನಮ್ಮ ಮೊದಲ ಶಬ್ದ. ಸುಮತಿ ಅವಳಿಗೆ ಪಾಗಾರದ ಮೇಲಿನಿಂದ ಬಸಳೆ ದಾಟಿಸುತ್ತಿದ್ದಳು. ಒಬ್ಬರ ಮಾತು ಇನ್ನೊಬ್ಬರಿಗೆ ತಿಳಿಯದು. ಸುಮತಿ ತುಳುವಿನಲ್ಲಿ ಸೊಸೆಯ ದೂರು ಹೇಳುವಳು, ನೂರಿತ್ ಸೊಪ್ಪು ಬಿಡಿಸುತ್ತ ತಲೆ ಅಲ್ಲಾಡಿಸುವಳು.

ನಮ್ಮ ಪ್ರೇಯರ್ ಗ್ರೂಪಿಗೆ ಸುದ್ದಿ ಮುಟ್ಟಿತು. ಅಣ್ಣ ಕುಣಿದಾಡಿದ. ಮೊದಲೆಲ್ಲ ಗುರುವಾರದ ಪ್ರಾರ್ಥನೆ ಬೆಳ್ತಂಗಡಿಯಲ್ಲಿ ನಡೆಯುತ್ತಿತ್ತು. ಜೆಸ್ಸಿಯ ಆರೋಗ್ಯಕ್ಕೆಂದು ಅದನ್ನು ನಮ್ಮ ಹಾಲಿಗೆ ತಂದ. ಮತ್ತೆ ಈ ಊರಿನವರು ಯಾವ ಶುಭಕ್ಕೂ ಮಾಡುವ ಕೆಲಸವನ್ನೇ ಮಾಡಿದ. ಫ್ಲೆಕ್ಸ್ ಹಾಕಿಸಿದ. ನಮ್ಮಲ್ಲಿ ಮದುವೆಗೆ ಫ್ಲೆಕ್ಸ್, ಸಾವಿಗೆ ಫ್ಲೆಕ್ಸ್, ಹತ್ತನೇ ಕ್ಲಾಸು ಪಾಸಾದರೂ ಫ್ಲೆಕ್ಸ್. ಒಂದು ಬೆಳಿಗ್ಗೆ ನಮ್ಮ ಗೇಟಿನ ಪಕ್ಕ ನೂರಿತಳ ಫೋಟೋ ಆಳೆತ್ತರ ನಿಂತಿತ್ತು. ಜೆಸ್ಸಿಯ ಮೊಬೈಲಿನಿಂದ ತೆಗೆದದ್ದು, ಯಾವುದೋ ಬೀಚಿನಲ್ಲಿ ಕಣ್ಣು ಕಿರಿದು ಮಾಡಿ ನಿಂತದ್ದು. ಸುತ್ತ ಅಂಜೂರದ ಎಲೆಗಳು, ಮೇಲೆ ಪಾರಿವಾಳ. ‘ದೇವರು ಆಯ್ದುಕೊಂಡ ಜನಾಂಗದ ಪುತ್ರಿಗೆ ಹಾರ್ದಿಕ ಸುಸ್ವಾಗತ’. ಕೆಳಗೆ ಒಂದು ಮೂಲೆಯಲ್ಲಿ ಅಣ್ಣನದೂ ಒಂದು ಸಣ್ಣ ಫೋಟೋ, ಕೈ ಮುಗಿದುಕೊಂಡು.

“ಇವಳು ಎಲೆಕ್ಷನಿಗೆ ನಿಂತಿದ್ದಾಳಾ?” ಎಂದು ಬಸ್ಸಿನಲ್ಲಿ ಯಾರೋ ಕೇಳಿದರಂತೆ.

ನೂರಿತ್ ನಕ್ಕು ಅದರ ಮುಂದೆ ನಿಂತು ಫೋಟೋ ತೆಗೆಸಿ ಮಗನಿಗೆ ಕಳಿಸಿದಳು. ನಾನೂ ನಕ್ಕೆ. ನಿಜ ಹೇಳಬೇಕೆಂದರೆ ಆಗ ನನಗೆ ಹೆಮ್ಮೆಯೇ ಇತ್ತು. ಭಾನುವಾರ ಚರ್ಚಿನಲ್ಲಿ ಪೂಜೆ ಮುಗಿದ ಮೇಲೆ ಜನ ನನ್ನ ಮತ್ತು ನೂರಿತಳ ಸುತ್ತ ಸೇರುತ್ತಿದ್ದರು. “ಬೆತ್ಲೆಹೇಮ್ ಇವರ ಮನೆಯಿಂದ ಎಷ್ಟು ದೂರ? ಇಲ್ಲಿಂದ ವೇಣೂರಿನಷ್ಟಾ?” ಎಂದು ಕೇಳುತ್ತಿದ್ದರು. ಗ್ರೂಪಿನ ಅಪೊಲಿನ್ ಬಾಯಿ ಮೊಮ್ಮಗುವನ್ನು ಎತ್ತಿಕೊಂಡು ಬಂದು, “ಇವರದ್ದು ಯೇಸುವಿನ ರಕ್ತ ಅಲ್ವಾ, ಒಮ್ಮೆ ತಲೆ ಮುಟ್ಟಲಿಕ್ಕೆ ಹೇಳಿ ಫ್ಲೋರಾ ಟೀಚರ್, ಇದಕ್ಕೆ ದಮ್ಮು ಉಂಟು,” ಎಂದರು. ನೂರಿತ್ ಮಗುವಿನ ಎದೆಗೆ ಕಿವಿ ಇಟ್ಟು ಕೇಳಿ, “ಇದಕ್ಕೆ ನೆಬ್ಯುಲೈಸರ್ ಬೇಕು, ನನ್ನ ಕೈಯಲ್ಲ,” ಎಂದಳು. ನಾನು ಮೊದಲರ್ಧ ಮಾತ್ರ ಹೇಳಿದೆ.

ಗೇಟಿನ ಫ್ಲೆಕ್ಸ್ ತಮಾಷೆಯಾಯಿತು. ಹಾಲಿನೊಳಗಿನದು ಆಗಲಿಲ್ಲ. ಅಣ್ಣ ಇನ್ನೊಂದು ಫ್ಲೆಕ್ಸನ್ನು ಸೋಫಾದ ಮೇಲಿನ ಗೋಡೆಗೆ ಮೊಳೆ ಹೊಡೆದು ನಿಲ್ಲಿಸಿದ್ದ. ಅಂತ್ಯಕಾಲದ ಚಾರ್ಟು. ಎಡದಿಂದ ಬಲಕ್ಕೆ ಬಾಣದ ಗುರುತುಗಳು. ಮೊದಲು ಹಡಗು, ವಿಮಾನಗಳಲ್ಲಿ ತಮ್ಮ ನಾಡಿಗೆ ಮರಳುವ ಯೆಹೂದ್ಯರ ದೊಡ್ಡ ಗುಂಪು. ಮತ್ತೆ ಬೆಂಕಿ, ಟ್ಯಾಂಕು, ಕಪ್ಪು ಆಕಾಶ. ಅದರ ಆಚೆ ಮೋಡದ ಮೇಲೆ ಬೆಳ್ಳಗೆ ಬರುತ್ತಿರುವ ಪ್ರಭು, ಅವನ ಕಾಲ ಬಳಿ ಮೊಣಕಾಲೂರಿದ ಒಂದು ಸಣ್ಣ ಗುಂಪು.

ಒಂದು ಮಧ್ಯಾಹ್ನ ಜೆಸ್ಸಿ ಮಲಗಿದ ಮೇಲೆ ನೂರಿತ್ ಚಹಾದ ಲೋಟ ಹಿಡಿದು ಅದರ ಮುಂದೆ ಬಹಳ ಹೊತ್ತು ನಿಂತಳು. ಅಕ್ಷರವೆಲ್ಲ ಕನ್ನಡ. ಚಿತ್ರಕ್ಕೆ ಭಾಷೆ ಬೇಕಿಲ್ಲವಲ್ಲ.

“ಇವರು ನಾವಾ?” ಎಂದು ಎಡಗಡೆಯ ಗುಂಪನ್ನು ತೋರಿಸಿದಳು.

“ಹೌದು.”

“ಇವರು?” ಬಲಗಡೆಯದು.

“ಅವರೂ ನೀವೇ.”

“ಇಲ್ಲಿ ತುಂಬ ಜನ ಇದ್ದಾರೆ. ಅಲ್ಲಿ ಸ್ವಲ್ಪವೇ ಇದ್ದಾರೆ. ಉಳಿದವರು ಎಲ್ಲಿಗೆ ಹೋದರು?”

ನಾನು ಬೆಂಕಿಯ ಕಡೆ ನೋಡಿದೆ. “ಅದು... ಕಷ್ಟದ ದಿನಗಳು ಎಂದು ಬರೆದಿದೆ,” ಎಂದೆ. ಬರೆದದ್ದು ಹಾಗಲ್ಲ. ಅವರಲ್ಲಿ ಹೆಚ್ಚಿನವರು ನಾಶವಾಗುವರು, ಉಳಿದವರು ಯೇಸುವನ್ನು ಮೆಸ್ಸೀಯನೆಂದು ಒಪ್ಪಿಕೊಳ್ಳುವರು ಎಂದು ಕೆಂಪಕ್ಷರದಲ್ಲಿ ಇತ್ತು. ಅವಳು ಲೋಟದ ಅಂಚನ್ನು ಬೆರಳಿನಿಂದ ಒರೆಸಿದಳು.

“ನನ್ನ ಅಜ್ಜ ಮೆಸ್ಸೀಯನಿಗೆ ಕಾಯುತ್ತಿದ್ದ. ಅಮ್ಮ ಕಾಯುವುದನ್ನು ಬಿಟ್ಟಳು. ನಾನು ಮಗನ ಫೋನಿಗೆ ಕಾಯುತ್ತೇನೆ. ಈ ಬಿಳಿ ಬಟ್ಟೆಯವರು ಯಾರು, ಮೇಲೆ ಹಾರುತ್ತಿರುವವರು?”

“ಅವರು ನಾವು,” ಎಂದೆ. ಬೆಂಕಿ ಬೀಳುವ ಮೊದಲೇ ನಮ್ಮನ್ನು ಮೇಲಕ್ಕೆ ಎತ್ತಿಕೊಳ್ಳಲಾಗುತ್ತದೆ ಎಂದು ಅಣ್ಣ ನಂಬುತ್ತಿದ್ದ.

“ಅಲ್ಲಿ ನಮ್ಮ ಪಕ್ಕದವರು, ಗಡಿಬೇಲಿಯ ಆಚೆಗಿನವರು? ಅವರಲ್ಲೂ ತಾಯಂದಿರು ಇದ್ದಾರೆ. ಅವರನ್ನು ನಿಮ್ಮ ಪೇಂಟರ್ ಬರೆಯಲೇ ಇಲ್ಲ.” ಲೋಟ ತೊಳೆಯಲು ಹೋದಳು. ಸಿಟ್ಟಿನಿಂದಲ್ಲ. ಸಿಟ್ಟು ಮಾಡಿದ್ದರೆ ನನಗೆ ಸುಲಭವಾಗುತ್ತಿತ್ತು.

ಆ ಫ್ಲೆಕ್ಸನ್ನು ಅಂದೇ ಕಿತ್ತು ಹಾಕಬಹುದಿತ್ತು. ಅಣ್ಣನ ಮನಸ್ಸು ನೋಯಬಾರದೆಂದು ಕೀಳಲಿಲ್ಲ. ಒಂದು ಕ್ಯಾಲೆಂಡರನ್ನು ಬೆಂಕಿಯ ಮೇಲೆ ಬರುವಂತೆ ತೂಗುಹಾಕಿದೆ. ಗುರುವಾರ ಅಣ್ಣ ಬಂದು ಕ್ಯಾಲೆಂಡರ್ ತೆಗೆದು ಮೇಜಿನ ಮೇಲಿಟ್ಟ.

ಆ ಗುರುವಾರ ಸಂಜೆಯೇ ಅದು ಆದದ್ದು. ಹಾಲಿನ ತುಂಬ ಜನ, ಬಾಗಿಲ ಹೊರಗೆ ಒದ್ದೆ ಕೊಡೆಗಳ ರಾಶಿ. ಗಿಟಾರಿನೊಂದಿಗೆ ಹಾಡಾಗಿತ್ತು. ಅಣ್ಣ ಬೈಬಲ್ ಎತ್ತಿಕೊಂಡು ಸೂಚನೆಗಳ ವಿಷಯ ಹೇಳುತ್ತಿದ್ದ. ಒಳಕೋಣೆಯ ಬಾಗಿಲು ತೆರೆದಿತ್ತು. ಮಂಚದ ಅಂಚಿನಲ್ಲಿ ನೂರಿತ್ ಜೆಸ್ಸಿಯ ಕಾಲು ತಿಕ್ಕುತ್ತಿದ್ದಳು. ಆಗ ದಿಂಬಿನ ಅಡಿಯಿಂದ ಜೆಸ್ಸಿಯ ಮೊಬೈಲು ಕೂಗಿತು. ಅದರ ಹಿಂದೆಯೇ ನೂರಿತಳ ಜೇಬಿನಿಂದ ಇನ್ನೊಂದು. ಒಂದು ಏರುವಾಗ ಇನ್ನೊಂದು ಇಳಿಯುತ್ತಿತ್ತು.

ಅಣ್ಣ ನಿಲ್ಲಿಸಿದ. ಅವನ ಮುಖ ಅರಳಿತು. ಅದನ್ನು ಹೇಗೆ ಹೇಳಲಿ? ಅಷ್ಟು ಶುದ್ಧ ಸಂತೋಷವನ್ನು ಅವನ ಮುಖದಲ್ಲಿ ಅತ್ತಿಗೆ ಹೋದ ಮೇಲೆ ನಾನು ಕಂಡಿರಲಿಲ್ಲ.

“ಕೇಳಿ! ಪ್ರವಾದಿಗಳು ಹೇಳಿದ್ದು ನಮ್ಮ ಕಿವಿಗೇ ಕೇಳ್ತಾ ಉಂಟು! ಪ್ರಭು ಬರುವ ಕಾಲ ಹತ್ತಿರ ಬಂತು! ಅಲ್ಲೆಲೂಯಾ!”

“ಅಲ್ಲೆಲೂಯಾ!” ಎಂದು ಎಲ್ಲರೂ ಕೈ ತಟ್ಟಿದರು. ಅಪೊಲಿನ್ ಬಾಯಿ ಅಳುತ್ತ ಕೈ ಮೇಲೆತ್ತಿದರು. ಗಿಟಾರಿನವನು ಒಂದು ಜೋರು ಹಾಡಿಗೆ ತಂತಿ ಮೀಟಿದ. ನನ್ನ ಕೈಗಳೂ ಒಂದಕ್ಕೊಂದು ಹತ್ತಿರ ಬಂದಿದ್ದವು. ತಟ್ಟಿದ್ದೆನೋ ಇಲ್ಲವೋ, ಈಗಲೂ ಖಾತ್ರಿಯಿಲ್ಲ.

ನೂರಿತ್ ಫೋನನ್ನು ಕಿವಿಗೆ ಒತ್ತಿಕೊಂಡು ಬಾಗಿಲಿಗೆ ಬಂದಳು. ಸೈರನ್ ಕೂಗಿದ ಆ ಊರಿನಲ್ಲೇ ಅವಳ ಮಗನ ಮನೆ. ಫೋನು ಎತ್ತುತ್ತಿರಲಿಲ್ಲ. ಕೈ ತಟ್ಟುವವರನ್ನು ಒಬ್ಬೊಬ್ಬರನ್ನಾಗಿ ನೋಡಿದಳು, ಮತ್ತೆ ನನ್ನನ್ನು.

“ಇವರಿಗೆ ಯಾಕೆ ಖುಷಿ?”

ಅವಳು ಗೋಡೆಯ ಕಡೆ ತಿರುಗಿ ನೋಡಿದಳು. ಆ ಬೆಂಕಿಯನ್ನೇ ನೋಡಿದಳು. ಉತ್ತರ ಅಲ್ಲಿತ್ತು. ಚಪ್ಪಲಿಯನ್ನೂ ಹಾಕದೆ, ಕೊಡೆಗಳನ್ನು ದಾಟಿ ಮಳೆಗೆ ಹೋದಳು.

“ವಿಕ್ಟರಣ್ಣ, ನಿಲ್ಲಿಸು.”

ಮಂಚದಿಂದ ಜೆಸ್ಸಿ ಕೂಗಿದ್ದು. ಆ ದಿನಗಳಲ್ಲಿ ಅವಳ ಸ್ವರ ನೀರು ಕೇಳುವಷ್ಟೂ ಏಳುತ್ತಿರಲಿಲ್ಲ. ಎಲ್ಲಿಂದ ಬಂತೋ.

“ನಿಮಗೆ ಅದು ಅಂತ್ಯಕಾಲ. ನನಗೆ ಬಸ್‌ಸ್ಟಾಪಿನ ಹತ್ತಿರದ ಮನೆ. ಅಜ್ಜಿಯನ್ನು ವೀಲ್‌ಚೇರಿನಲ್ಲಿ ಕೂರಿಸಿಕೊಂಡು ಆ ಸದ್ದಿಗೆ ಓಡಿದ್ದೇನೆ ನಾನು. ನೂರಿತಳ ಮಗನಿಗೆ ಈ ಕೈಯಿಂದ ಬಡಿಸಿದ್ದೇನೆ. ಚಪ್ಪಾಳೆ ಹೊಡೀತೀರಾ? ನನ್ನ ಮನೆಯಲ್ಲಿ?”

“ಜೆಸ್ಸಿ, ನಾವು ಅವರನ್ನು ಪ್ರೀತಿ ಮಾಡ್ತೇವೆ ಮಗಳೇ...”

“ಹೋಗಿ. ಎಲ್ಲ ಹೋಗಿ. ನನಗೆ ಈ ಪ್ರಾರ್ಥನೆ ಬೇಡ.”

ಕೊಡೆಗಳು ಅದಲುಬದಲಾದವು, ಯಾರೂ ಸರಿ ನೋಡಿಕೊಳ್ಳಲಿಲ್ಲ. ಅಣ್ಣ ಕೊನೆಯವನಾಗಿ ಇಳಿದ. ಮೆಟ್ಟಿಲ ಮೇಲೆ ನಿಂತು, “ನಾನು ದೇವರ ಮಾತು ಆಡಿದೆ. ನಾನು ಎತ್ತಿ ಆಡಿಸಿದವಳೇ ನನ್ನ ಬಾಯಿ ಮುಚ್ಚಿಸಿದಳು,” ಎಂದ. ಅವನಿಗೆ ನಿಜವಾಗಿಯೂ ಅರ್ಥವಾಗಿರಲಿಲ್ಲ. ಅದೇ ನನಗೆ ಹೆಚ್ಚು ನಾಚಿಕೆಯದು. ಕೆಟ್ಟವನಾಗಿದ್ದರೆ ಬೈದು ಮುಗಿಸುತ್ತಿದ್ದೆ.

ನೂರಿತ್ ಗೇಟಿನ ಹೊರಗೆ ಇದ್ದಳು. ಸುಮತಿ ಅವಳ ತಲೆಯ ಮೇಲೆ ಕೊಡೆ ಹಿಡಿದು ನಿಂತಿದ್ದಳು. ಏನಾಯಿತೆಂದು ಅವಳಿಗೆ ತಿಳಿಯದು. ಅಳುತ್ತಿರುವವಳಿಗೆ ಕೊಡೆ ಬೇಕೆಂಬುದು ತಿಳಿದಿತ್ತು. ಸ್ವಲ್ಪ ಹೊತ್ತಿಗೆ ಮಗನ ಫೋನು ಬಂತು. ಶೆಲ್ಟರಿನಲ್ಲಿದ್ದನಂತೆ. ರಾಕೆಟು ಎಲ್ಲಿಯೋ ಬಯಲಿಗೆ ಬಿದ್ದಿತ್ತು.

ಅಂದು ನೂರಿತ್ ಹೊರಟುಹೋಗುತ್ತಾಳೆ ಎಂದುಕೊಂಡೆ. ಹೋಗಲಿಲ್ಲ. ಒದ್ದೆ ಬಟ್ಟೆ ಬದಲಿಸಿ, ಜೆಸ್ಸಿಯ ಕಾಲು ತಿಕ್ಕುವುದನ್ನು ಬಿಟ್ಟಲ್ಲಿಂದ ಮುಂದುವರಿಸಿದಳು. ಹಾಲಿಗೆ ಮಾತ್ರ ಮತ್ತೆ ಬರಲಿಲ್ಲ. ಊಟದ ತಟ್ಟೆಯನ್ನು ಅಡುಗೆಮನೆಯ ಕಟ್ಟೆಯ ಮೇಲೆ ಇಟ್ಟುಕೊಂಡು ನಿಂತೇ ತಿನ್ನುತ್ತಿದ್ದಳು. ನಾನು ಎರಡೂ ಫ್ಲೆಕ್ಸ್ ಕಿತ್ತು ಕೊಟ್ಟಿಗೆಯ ಸೌದೆಗೆ ಹೊದಿಸಿದೆ. ತಡವಾಗಿ.

ಜುಲೈ ಕಳೆಯಿತು. ಜೆಸ್ಸಿಯ ಕಣ್ಣು ಅರಿಶಿನವಾಯಿತು. ಕೋಪ ಇಳಿದು, ಅಣ್ಣನನ್ನು ಕೇಳತೊಡಗಿದಳು. “ವಿಕ್ಟರಣ್ಣ ಬಂದನಾ?” ಬೆಳಿಗ್ಗೆ ಒಮ್ಮೆ, ಮಧ್ಯಾಹ್ನ ಒಮ್ಮೆ. ನಾನು ಫೋನು ಮಾಡಿದರೆ ಅವನು, “ನನ್ನ ಪ್ರಾರ್ಥನೆ ಬೇಡದಲ್ಲಿಗೆ ನಾನು ಬಂದು ಎಂತ ಮಾಡುದು?” ಎಂದು ಇಟ್ಟುಬಿಡುತ್ತಿದ್ದ. ಒಂದು ದಿನ ನೂರಿತ್ ರೈನ್‌ಕೋಟ್ ಹಾಕಿಕೊಂಡು ಬಂದು, “ಅವನ ಊರಿಗೆ ಬಸ್ಸು ಎಲ್ಲಿ ಸಿಗುತ್ತದೆ?” ಎಂದು ಕೇಳಿದಳು.

ಸುಮತಿಯನ್ನು ಜೆಸ್ಸಿಯ ಬಳಿ ಕೂರಿಸಿ ನಾವಿಬ್ಬರೂ ಬೆಳ್ತಂಗಡಿಗೆ ಹೋದೆವು. ಚಾರ್ಮಾಡಿ ಕಡೆಯ ಗುಡ್ಡಗಳು ಮೋಡದಲ್ಲಿ ಮುಚ್ಚಿದ್ದವು. ಅಣ್ಣ ಬಾಗಿಲು ತೆರೆದ. ಸೊರಗಿದ್ದ. ಜೆಸ್ಸಿಗೆಂದು ದಿನವೂ ಒಂದು ಹೊತ್ತು ಉಪವಾಸ ಮಾಡುತ್ತಿದ್ದನಂತೆ, ಯಾರಿಗೂ ಹೇಳದೆ. ನಮಗೆ ಚಹಾ ಮಾಡಿಕೊಟ್ಟ.

“ತಂಗಿ ನಿನ್ನನ್ನು ಕೇಳುತ್ತಾಳೆ. ಬಾ,” ಎಂದಳು ನೂರಿತ್. ನಾನು ಅದನ್ನು ಅಣ್ಣನಿಗೆ ನಮ್ಮ ಮಾತಿನಲ್ಲಿ ಹೇಳಿದೆ.

“ನಾನು ಬಂದರೆ ಪ್ರಾರ್ಥನೆ ಮಾಡುದೇ. ಬಾಯಿ ಕಟ್ಟಿ ಕೂರಲಿಕ್ಕೆ ನನಗೆ ಆಗುದಿಲ್ಲ. ಗ್ರೂಪಿನವರೂ ಬರ್ತಾರೆ.”

“ಮಾಡಲಿ,” ಎಂದಳು ಅವಳು. “ನೀವು ಪ್ರಾರ್ಥನೆ ಮಾಡುವಾಗ ನಾನು ಅಡುಗೆಮನೆಯಲ್ಲಿರುತ್ತೇನೆ. ನಿಮಗೆ ತೊಂದರೆಯಾಗುವುದಿಲ್ಲ.”

ಅಣ್ಣ ಅವಳನ್ನು ನೋಡಿ ನನಗೆ ನಮ್ಮ ಕೊಂಕಣಿಯಲ್ಲಿ ಹೇಳಿದ, “ಎಷ್ಟು ಒಳ್ಳೆ ಹೆಂಗಸು ಫ್ಲೋರಾ! ಇವಳು ಕೂಡ ಪ್ರಭುವನ್ನು ಒಪ್ಪಿಕೊಂಡಿದ್ದರೆ. ಇಂಥವಳು ಆ ಬೆಂಕಿಗೆ ಸಿಕ್ಕಿದರೆ ನನಗೆ ಸಹಿಸಲಿಕ್ಕೆ ಆಗುದಿಲ್ಲ.” ಅವನ ಕಣ್ಣು ತುಂಬಿತ್ತು.

“ಏನು ಹೇಳಿದ?”

“ನೀನು ಒಳ್ಳೆಯ ಹೆಂಗಸು ಎಂದ,” ಎಂದೆ. ವಾಪಸಿನ ಬಸ್ಸಿನಲ್ಲಿ ನಾನು ಕಿಟಕಿಯ ಟಾರ್ಪಾಲನ್ನೇ ನೋಡುತ್ತಿದ್ದೆ.

ಮರುದಿನ ಮಧ್ಯಾಹ್ನ ಅಣ್ಣ ಬಂದ. ಅಪೊಲಿನ್ ಬಾಯಿ ಮತ್ತು ನಾಲ್ಕೈದು ಜನ ಜೊತೆಗೆ. ಜೆಸ್ಸಿ ಅವನ ಕೆನ್ನೆ ಸವರಿದಳು. “ಗಡ್ಡ ತೆಗೆಯಲಿಲ್ವಾ ಅಣ್ಣ?” ಎಂದಳು. ಅವನು ಚಿಕ್ಕ ಹುಡುಗನಂತೆ ಅತ್ತ. ಮತ್ತೆ ನೂರಿತ್ ಜೆಸ್ಸಿಯ ಕೈಯನ್ನು ತನ್ನ ಕೈಯಿಂದ ಬಿಡಿಸಿ, ಹೊದಿಕೆಯ ಮೇಲಿಟ್ಟು, ಗಂಜಿಗೆ ನೀರಿಡುತ್ತೇನೆ ಎಂದು ಅಡುಗೆಮನೆಗೆ ಹೋದಳು. ಅವಳು ಎದ್ದ ಜಾಗದಲ್ಲಿ ಅಣ್ಣ ಮೊಣಕಾಲೂರಿದ.

ನಮ್ಮ ಗ್ರೂಪಿನ ಕ್ರಮ ಹೇಗೆಂದರೆ, ಕಣ್ಣು ಮುಚ್ಚಿ, ಎರಡೂ ಕೈ ಮೇಲೆತ್ತಿ, ಪ್ರಾರ್ಥನೆ ಮುಗಿಯುವವರೆಗೂ ಕಣ್ಣು ತೆರೆಯಬಾರದು. ತೆರೆದರೆ ಮನಸ್ಸು ಚದುರುತ್ತದೆ. ಅಣ್ಣನ ಪ್ರಾರ್ಥನೆ ಉದ್ದ. ಜೆಸ್ಸಿಗಾಗಿ ಬೇಡಿದ, ಅಪ್ಪ-ಅಮ್ಮನಿಗಾಗಿ ಬೇಡಿದ, ದಾರಿ ತಪ್ಪಿದವರಿಗಾಗಿ, ಮತ್ತೆ ಇಸ್ರೇಲಿಗಾಗಿ. ಅದು ಬಂದಾಗ ಅವನ ಸ್ವರ ಏರಿತು. ಆ ಜನಾಂಗದ ಕಣ್ಣು ತೆರೆಸು ಪ್ರಭುವೇ, ಅವರ ಕಣ್ಣಿಗೆ ಕಟ್ಟಿದ ಬಟ್ಟೆ ಬಿಚ್ಚು ಎಂದು ಕೂಗಿ ಕೂಗಿ ಬೇಡಿದ. ನಾವೂ ಬೇಡಿದೆವು.

ನನ್ನ ಮೂಗಿಗೆ ಗಂಜಿಯ ಹಬೆ ಬಂತು. ನಾನು ಕಣ್ಣು ತೆರೆದೆ.

ನೂರಿತ್ ಮಂಚದ ತಲೆಯ ಬಳಿ ನಿಂತಿದ್ದಳು. ಸೆರಗಿನಂತೆ ಹೆಗಲಿಗೆ ಹಾಕಿಕೊಂಡ ಟವಲು, ಕೈಯಲ್ಲಿ ಇನ್ನೂ ಸೌಟು. ಅಷ್ಟು ವಾರ ಜೆಸ್ಸಿಯ ಉಸಿರನ್ನೇ ಕೇಳಿಕೊಂಡು ಮಲಗಿದ್ದವಳು. ಗೋಡೆಯ ಆಚೆಯಿಂದಲೂ, ನಮ್ಮ ಕೂಗಿನ ನಡುವೆಯೂ, ಅದು ಬದಲಾದದ್ದು ಅವಳಿಗೆ ಕೇಳಿಸಿತ್ತು. ಜೆಸ್ಸಿಯ ಒಂದು ಕೈ ಅವಳ ಕೈಯಲ್ಲಿತ್ತು. ಜೆಸ್ಸಿಯ ಬಾಯಿ ತುಸು ತೆರೆದಿತ್ತು, ಎದೆ ಏಳುತ್ತಿರಲಿಲ್ಲ. ನಾನು ನೋಡುತ್ತಿದ್ದಂತೆಯೇ ನೂರಿತ್ ಸೌಟನ್ನು ಕಿಟಕಿ ದಂಡೆಯ ಮೇಲಿಟ್ಟು, ಅಂಗೈಯಿಂದ ಅವಳ ರೆಪ್ಪೆ ಇಳಿಸಿದಳು.

ನಾನು ಅಣ್ಣನನ್ನು ಕರೆಯಲು ಬಾಯಿ ತೆರೆದೆ. ಅವಳು ಬೇಡವೆಂದು ತಲೆ ಅಲ್ಲಾಡಿಸಿದಳು. ಅವನು ಮುಗಿಸಲಿ ಎಂಬ ಹಾಗೆ ತುಟಿಯ ಮೇಲೆ ಬೆರಳಿಟ್ಟಳು.

ಅವನು ಇನ್ನೂ ನೂರಿತಳ ಜನರ ಕುರುಡು ಕಳೆಯಲೆಂದೇ ಬೇಡುತ್ತಿದ್ದ. ಎಲ್ಲರ ಕಣ್ಣೂ ಬಿಗಿಯಾಗಿ ಮುಚ್ಚಿತ್ತು. ಆ ಕೋಣೆಯಲ್ಲಿ ಜೆಸ್ಸಿ ಹೋದದ್ದನ್ನು ಕಂಡವಳು ಒಬ್ಬಳೇ, ನಾವು ಯಾರ ಕಣ್ಣು ತೆರೆಯಲೆಂದು ಬೇಡುತ್ತಿದ್ದೆವೋ ಅವಳು. ಆಮೆನ್ ಎನ್ನುವವರೆಗೂ ನಾವಿಬ್ಬರು ಹಾಗೇ ನಿಂತೆವು. ನಾನು ಅವಳ ಮುಖ ನೋಡಲಿಲ್ಲ. ಹೊದಿಕೆಯ ಹೂಗಳನ್ನು ನೋಡಿದೆ.

ಅಣ್ಣ ಮತ್ತೆ ಆ ಚಾರ್ಟಿನ ಮಾತು ಎತ್ತಲಿಲ್ಲ. ನಂಬುವುದನ್ನು ಬಿಟ್ಟನೆಂದು ಹೇಳಲಾರೆ. ಮುಂದೆ ಇಸ್ರೇಲಿನಲ್ಲಿ ದೊಡ್ಡ ಯುದ್ಧ ಶುರುವಾದ ವರ್ಷ ಗ್ರೂಪಿನ ವಾಟ್ಸ್ಯಾಪಿನಲ್ಲಿ ಕೈ ಮುಗಿಯುವ, ಕಹಳೆಯೂದುವ ಚಿತ್ರಗಳು ಮಳೆಯಂತೆ ಬಂದವು. ಅವನದು ಬರಲಿಲ್ಲ, ಅಷ್ಟೆ. ನಾನು ಗ್ರೂಪಿನಿಂದ ಹೊರಬಂದೆ. ನೂರಿತಳಿಗೆ ಮೆಸೇಜ್ ಕಳಿಸಿದೆ, ಸುಖವಾಗಿದ್ದೀಯಾ ಎಂದು. ನೋಡಿದ ಗುರುತು ಬಂತು. ಉತ್ತರ ಬರಲಿಲ್ಲ. ಯಾವ ಮುಖದಿಂದ ಇನ್ನೊಮ್ಮೆ ಕೇಳಲಿ?

ನಾನೂ ನಂಬುವವಳೇ. ಭಾನುವಾರ ಚರ್ಚಿನಲ್ಲಿ ಎದ್ದು ನಿಂತು, ಪ್ರಭು ಮತ್ತೆ ಬರುತ್ತಾನೆ ಎಂದು ಎಲ್ಲರೊಂದಿಗೆ ಹೇಳುತ್ತೇನೆ. ಬರಲಿ. ಆದರೆ ಅವನು ಬರಲೆಂದು ಯಾರದೋ ಮನೆ ಉರಿಯಬೇಕು ಎಂದು ನಾವು ಹೇಗೆ ಒಪ್ಪಿದೆವು, ಅದೂ ಹಾಡುತ್ತ, ಬಿಸ್ಕತ್ತು ಚಹಾದ ಜೊತೆಗೆ? ಅವನನ್ನು ಹೆತ್ತವಳೂ ಆ ಜನಾಂಗದವಳೇ ಅಲ್ಲವೇ? ಅವಳು ನಮ್ಮ ಹಾಲಿಗೆ ಬಂದಿದ್ದರೆ ಆ ಚಾರ್ಟಿನಲ್ಲಿ ಅವಳಿಗೆ ಯಾವ ಜಾಗ ತೋರಿಸುತ್ತಿದ್ದೆವು?

ನೂರಿತಳನ್ನು ನಾನು ಕೊನೆಯ ಸಲ ಕಂಡದ್ದು ಬಿ.ಸಿ.ರೋಡಿನ ಬಸ್‌ಸ್ಟ್ಯಾಂಡಿನಲ್ಲಿ. ಜೆಸ್ಸಿಯ ಮಣ್ಣಾಗಿ ಒಂದು ವಾರವಾಗಿತ್ತು. ಬೆಂಗಳೂರಿಗೆ ಹೋಗಿ ಅಲ್ಲಿಂದ ವಿಮಾನ. ಬೆಳಗಿನ ಬಸ್ಸು ತಡವಾಗಿತ್ತು. ಸುತ್ತ ಪ್ರೈವೇಟ್ ಬಸ್ಸುಗಳ ಹಾರ್ನು, ಕಂಡಕ್ಟರುಗಳ ಕೂಗು. ನಾನು ಹಿಂದಿನ ರಾತ್ರಿಯಿಂದ ತಿದ್ದಿ ತಿದ್ದಿ ಇಟ್ಟುಕೊಂಡಿದ್ದ ಇಂಗ್ಲಿಷ್ ವಾಕ್ಯಗಳೆಲ್ಲ ಅಲ್ಲಿ ಮರೆತುಹೋದವು. “ಸಾರಿ ನೂರಿತ್,” ಎಂದೆ, ಸ್ಕೂಲಿನ ಮಕ್ಕಳ ಹಾಗೆ.

ಅವಳು ಬ್ಯಾಗನ್ನು ಕಾಲುಗಳ ನಡುವೆ ಇಟ್ಟುಕೊಂಡು ನನ್ನನ್ನು ನೋಡಿದಳು.

“ಅವನು ಬರುತ್ತಾನೆಂದು ನೀನೂ ನಂಬುತ್ತೀಯಾ?”

“ನಂಬುತ್ತೇನೆ.”

“ಸರಿ. ನಂಬು. ಆ ದಿನ ನನ್ನನ್ನು ಹುಡುಕುತ್ತೀಯಾ ಫ್ಲೋರಾ?”

“ಹುಡುಕುತ್ತೇನೆ,” ಎಂದೆ.

ಆಗಲೇ ಬಸ್ಸು ಬಂತು. “ಬೆಂಗ್ಳೂರ್, ಬೆಂಗ್ಳೂರ್! ಬೇಗ ಹತ್ತಿ ಅಮ್ಮ!” ಎಂದು ಕಂಡಕ್ಟರ್ ಅವಳ ಬ್ಯಾಗನ್ನು ಎಳೆದುಕೊಂಡ. ಜನ ನುಗ್ಗಿದರು. ಮೆಟ್ಟಿಲ ಮೇಲೆ ಅವಳ ನೀಲಿ ರೈನ್‌ಕೋಟಿನ ಬೆನ್ನು ಕಂಡಿತು, ಯಾರದೋ ಚೀಲಕ್ಕೆ ಸಿಕ್ಕಿದ ತೋಳನ್ನು ಬಿಡಿಸಿಕೊಳ್ಳುತ್ತಿತ್ತು. ಮತ್ತೆ ಒಳಗಾಯಿತು. ನಾನು ಬಸ್ಸಿನ ಉದ್ದಕ್ಕೂ ನಡೆದೆ. ಕಿಟಕಿಯ ಗಾಜಿಗೆಲ್ಲ ಮಳೆಯ ಮಂಜು ಹಿಡಿದಿತ್ತು. ಒಂದೊಂದೇ ಗಾಜನ್ನು ಹೊರಗಿನಿಂದ ಸೀರೆಯ ತುದಿಯಲ್ಲಿ ಒರೆಸುತ್ತ ಹೋದೆ. ಮಂಜು ಒಳಗಿನದು. ಬಸ್ಸು ಹೊರಟಿತು, ಎಲ್ಲ ಕಿಟಕಿಗಳಲ್ಲೂ ಮುಖಗಳಿದ್ದವು, ಅವಳದು ಯಾವುದೆಂದು ನನಗೆ ತಿಳಿಯಲಿಲ್ಲ.